ಹತ್ತು ಜನ ಹಿರಿಯರಿರುವ ಚಿಕ್ಕ ಆರೈಕೆ ಮನೆ: ನಿಮ್ಮವರನ್ನು ಸೇರಿಸಿದ ಮೇಲೆ ಏನಾಯಿತು?

ನಡುವಿನ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಮರೆವಿನ ಕಾಯಿಲೆ. ಇಷ್ಟು ದಿನ ಮನೆಯಲ್ಲೇ ಹೇಗೋ ನಿಭಾಯಿಸಿದೆವು. ಈಗ ರಾತ್ರಿ ಹೊತ್ತು ಎದ್ದು ಚಿಲಕ ತೆಗೆದು ಹೊರಗೆ ಹೋಗಲು ನೋಡುತ್ತಾರೆ. ಮೊನ್ನೆ ಕತ್ತಲಲ್ಲಿ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮನೆಗೆ ಬರುವ ಆರೈಕೆಯವರು ಯಾರೂ ಹೆಚ್ಚು ದಿನ ನಿಲ್ಲುತ್ತಿಲ್ಲ. ಅಕ್ಕ, ನಾನು, ತಮ್ಮ ಮೂವರೂ ಕೂತು ಮಾತನಾಡಿ, ಆರೈಕೆ ಮನೆಗೆ ಸೇರಿಸುವುದೆಂದು ತೀರ್ಮಾನಿಸಿದ್ದೇವೆ.

ಒಂದು ಜಾಗ ನೋಡಿ ಬಂದೆ. ಆಸ್ಪತ್ರೆಯಂತಿಲ್ಲ, ಮಾಮೂಲಿ ವಾಸದ ಮನೆ. ಹತ್ತು ಜನ ಹಿರಿಯರಿದ್ದಾರೆ, ಅಡುಗೆಮನೆಯ ಸದ್ದು ಹಜಾರಕ್ಕೆ ಕೇಳುತ್ತದೆ. ನನಗೆ ಮನಸ್ಸಿಗೆ ಹಿಡಿಸಿತು. ಆದರೆ ನೆಂಟರೆಲ್ಲ ದೊಡ್ಡ ಸಂಸ್ಥೆಯೇ ವಾಸಿ, ಅಲ್ಲಿ ವೈದ್ಯರು ಒಳಗೇ ಇರುತ್ತಾರೆ ಎನ್ನುತ್ತಿದ್ದಾರೆ. ಇಂಥ ಚಿಕ್ಕ ಮನೆಯಲ್ಲಿ ತಮ್ಮವರನ್ನು ಇಟ್ಟವರು ಯಾರಾದರೂ ಇದ್ದರೆ, ಒಳ್ಳೆಯದು ಕೆಟ್ಟದ್ದು ಎರಡನ್ನೂ ಬಿಚ್ಚಿ ಹೇಳಿ. ಸಮಾಧಾನದ ಮಾತು ಬೇಡ. ಏನು ನಡೆಯಿತು ಎನ್ನುವುದು ಬೇಕು.

ಹಿರಿಯ ಮಗ

ಅಪ್ಪ ಇಂಥದೇ ಮನೆಯಲ್ಲಿ ಇದ್ದಾರೆ. ಎಂಟು ಜನರ ಮನೆ. ನಡೆದದ್ದನ್ನೇ ಹೇಳುತ್ತೇನೆ.

ಅಪ್ಪನಿಗೂ ಮರೆವಿನ ಕಾಯಿಲೆಯೇ. ಸೇರಿದ ಹೊಸತರಲ್ಲಿ ಸ್ನಾನವೆಂದರೆ ರಂಪ. ಬಚ್ಚಲುಮನೆಯ ಬಾಗಿಲವರೆಗೆ ಬರುವುದು, ಅಲ್ಲಿ ಚೌಕಟ್ಟು ಹಿಡಿದು ನಿಂತುಬಿಡುವುದು. ಕೈ ಬಿಡಿಸಲು ಹೋದರೆ ಹೊಡೆಯಲು ಬರುತ್ತಿದ್ದರು. ಅದಕ್ಕೂ ಮೊದಲು ಇದ್ದ ದೊಡ್ಡ ಕೇಂದ್ರದಲ್ಲಿ ಇದೇ ಕಾರಣಕ್ಕೆ ಅವರ ಕಡತದಲ್ಲಿ ‘ಆಕ್ರಮಣಕಾರಿ’ ಎಂದು ಬರೆದಿದ್ದರು. ಇಲ್ಲಿ ಒಬ್ಬ ಆರೈಕೆದಾರಳು ಎರಡು ದಿನ ಸುಮ್ಮನೆ ನೋಡಿದಳು. ಅಪ್ಪನ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡಿದಳು. ಅವರು ದಿಟ್ಟಿಸುತ್ತಿದ್ದದ್ದು ಬಾಗಿಲ ಬಳಿ ಹಾಸಿದ್ದ ಕಪ್ಪು ಕಾಲೊರಸನ್ನು. ಅದನ್ನು ತೆಗೆದಳು. ಅಪ್ಪ ಒಳಗೆ ನಡೆದುಕೊಂಡು ಹೋದರು.

ಈ ಕಾಯಿಲೆಯಲ್ಲಿ ಕಣ್ಣು ಸರಿಯಿದ್ದರೂ ಕಂಡದ್ದನ್ನು ಮಿದುಳು ಬೇರೆಯಾಗಿ ಅರ್ಥ ಮಾಡಿಕೊಳ್ಳುತ್ತದೆ, ನೆಲದ ಮೇಲಿನ ಕಪ್ಪು ಬಣ್ಣ ಗುಂಡಿಯಂತೆ ತೋರಬಹುದು ಎಂದು ವೈದ್ಯರು ಆಮೇಲೆ ವಿವರಿಸಿದರು. ಗುಂಡಿಯೊಳಗೆ ಕಾಲಿಡು ಎಂದರೆ ಯಾರು ತಾನೇ ಇಡುತ್ತಾರೆ? ನನ್ನ ಪಾಲಿಗೆ ಚಿಕ್ಕ ಮನೆಯ ಬೆಲೆ ತಿಳಿದದ್ದು ಅಂದು. ಎಂಟೇ ಜನ ಇರುವಲ್ಲಿ ಒಬ್ಬರ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡಲು ಬಿಡುವಿರುತ್ತದೆ.

ಇನ್ನೊಂದು ಭಾಗವನ್ನೂ ಹೇಳಬೇಕು. ಆಕೆ ಊರಿಗೆಂದು ರಜೆ ಹಾಕಿ ಹೋದಳು. ಬದಲಿಗೆ ಬಂದವಳು ನೆಲ ಜಾರುತ್ತದೆಂದು ಅದೇ ಕಾಲೊರಸನ್ನು ಮತ್ತೆ ಹಾಸಿದಳು. ಅಪ್ಪ ಮತ್ತೆ ಬಾಗಿಲಲ್ಲಿ ನಿಂತರು, ಮತ್ತೆ ಜಗಳ. ಒಳ್ಳೆಯ ಮನಸ್ಸಿನವಳೇ, ಆದರೆ ಅವಳಿಗೆ ಯಾರೂ ಹೇಳಿರಲಿಲ್ಲ, ಎಲ್ಲಿಯೂ ಬರೆದಿರಲಿಲ್ಲ. ನಾವು ಕೇಳಿದ ಮೇಲೆ ಪ್ರತಿಯೊಬ್ಬ ಹಿರಿಯರಿಗೂ ಒಂದೊಂದು ನೋಟ್ ಪುಸ್ತಕ ಇಟ್ಟರು. ಈಗ ಹೊಸಬರು ಬಂದರೆ ಮೊದಲು ಅದನ್ನು ಓದುತ್ತಾರೆ.

ಸೊಸೆ

ಮೇಲಿನವರು ಕೊನೆಯಲ್ಲಿ ಹೇಳಿದರಲ್ಲ, ಅದೇ ನಮ್ಮಲ್ಲಿ ಪೂರ್ತಿ ಕೆಟ್ಟದಾಗಿ ನಡೆಯಿತು.

ಅತ್ತೆಯವರನ್ನು ಒಂದು ಚಿಕ್ಕ ಮನೆಗೆ ಸೇರಿಸಿದ್ದೆವು. ಹೆಸರು ಹೇಳುವುದಿಲ್ಲ. ಮೊದಲ ಕೆಲವು ತಿಂಗಳು ಚೆನ್ನಾಗಿತ್ತು, ಏಕೆಂದರೆ ಒಬ್ಬ ಹಿರಿಯ ಆಯಾ ಇಡೀ ಮನೆಯನ್ನು ಹೆಗಲ ಮೇಲೆ ಹೊತ್ತಿದ್ದರು. ಸಂಬಳದ ವಿಷಯದಲ್ಲಿ ಮಾಲೀಕರೊಂದಿಗೆ ಮಾತು ಬಂದು ಅವರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಯಾರೂ ಸರಿಯಾಗಿ ಬರಲಿಲ್ಲ. ಮಾಲೀಕರು ಫೋನಿನಲ್ಲಿ ಮಾತ್ರ ಸಿಗುತ್ತಿದ್ದರು, ಪ್ರತಿ ಸಲವೂ ‘ಅಮ್ಮ ಆರಾಮಾಗಿದ್ದಾರೆ’ ಎನ್ನುತ್ತಿದ್ದರು.

ಅತ್ತೆಗೆ ಕಾಲು ತಣ್ಣಗಾಗುತ್ತದೆಂದು ಯಾವಾಗಲೂ ಕಾಲುಚೀಲ ಹಾಕಿರುತ್ತಿದ್ದರು. ನಾನು ಉಗುರು ಕತ್ತರಿಸಲೆಂದು ಅದನ್ನು ತೆಗೆದಾಗ ಬಲ ಹಿಮ್ಮಡಿಯ ಬಳಿ ಬಟ್ಟೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದೆ. ಒಳಗೆ ಹಾಸಿಗೆ ಹುಣ್ಣು, ಅಂಚು ಕಪ್ಪಗಾಗಿತ್ತು. ಅದು ಒಂದೆರಡು ದಿನದಲ್ಲಿ ಆಗುವಂಥದ್ದಲ್ಲ ಎಂದು ವೈದ್ಯರು ಹೇಳಿದರು. ಕಾಲುಚೀಲ ಯಾವಾಗ ಬದಲಿಸಿದಿರಿ ಎಂದು ಕೇಳಿದೆ. ಒಬ್ಬರು ಬೆಳಗಿನ ಪಾಳಿಯವರ ಕೆಲಸ ಎಂದರು, ಬೆಳಗಿನವರು ರಾತ್ರಿಯವರ ಕೆಲಸ ಎಂದರು. ಬರೆದಿಟ್ಟ ಒಂದು ಅಕ್ಷರವೂ ಇರಲಿಲ್ಲ.

ಮನೆಯಂಥ ವಾತಾವರಣ ಎಂಬ ಮಾತು ಕೇಳಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ನಡುವಿನ ಮಗಳು ಅವರೇ, ಅಡುಗೆಮನೆಯ ಸದ್ದಿಗೆ ಮನಸೋಲಬೇಡಿ. ಅಲ್ಲಿರುವ ಒಳ್ಳೆಯ ವ್ಯಕ್ತಿ ಯಾರು ಎಂದು ಗುರುತಿಸಿ, ಆ ವ್ಯಕ್ತಿ ನಾಳೆ ಬರದಿದ್ದರೆ ಅಮ್ಮನ ಗತಿ ಏನು ಎಂದು ನೇರವಾಗಿ ಮಾಲೀಕರನ್ನು ಕೇಳಿ.

ನಿವೃತ್ತ ನರ್ಸ್

ಸೊಸೆಯವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಹಿಮ್ಮಡಿಯನ್ನು ದಿನಕ್ಕೊಮ್ಮೆ ನೋಡುವುದು ಎರಡು ನಿಮಿಷದ ಕೆಲಸ.

ವೃದ್ಧರ ವಾರ್ಡಿನಲ್ಲೇ ನನ್ನ ಸೇವೆಯ ಬಹುಪಾಲು ಕಳೆದಿದೆ. ಮನೆಯವರು ಏನನ್ನು ನೋಡಬೇಕು ಎಂದು ಹೇಳುತ್ತೇನೆ.

ಮೊದಲು ಚರ್ಮ. ಒಂದೇ ಭಂಗಿಯಲ್ಲಿ ಮಲಗುವವರಿಗೆ, ಕೂರುವವರಿಗೆ, ಮೂಳೆ ಉಬ್ಬಿರುವ ಕಡೆ ರಕ್ತ ಹರಿಯದೆ ಹುಣ್ಣಾಗುತ್ತದೆ: ಹಿಮ್ಮಡಿ, ಬೆನ್ನಿನ ತೀರ ಕೆಳಭಾಗ, ಸೊಂಟದ ಪಕ್ಕ, ಮೊಣಕೈ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ. ಕೆಂಪು ಮಾಯವಾಗಿ ಮತ್ತೆ ಬಂದರೆ ಇನ್ನೂ ಸಮಯವಿದೆ. ಒತ್ತಿದರೂ ಹೋಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ಮೈಬಣ್ಣ ಕಪ್ಪಗಿದ್ದರೆ ಈ ಕೆಂಪು ಕಣ್ಣಿಗೆ ಸುಲಭವಾಗಿ ಕಾಣದು. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಡೋರೀನ್ ನಾರ್ಟನ್ ಎಂಬ ಬ್ರಿಟಿಷ್ ನರ್ಸ್ 1962ರಲ್ಲೇ ಇದರ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದ್ದರು. ಮೈಗೆ ಹಚ್ಚುವ ಮುಲಾಮುಗಳಿಗಿಂತ ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುವುದೇ ಫಲ ಕೊಡುತ್ತದೆ ಎಂದು ಅದರಿಂದ ತಿಳಿಯಿತು. ಎರಡು ಗಂಟೆಗೊಮ್ಮೆ ಎಂಬ ರೂಢಿ ವಾರ್ಡುಗಳಲ್ಲಿ ಇಂದಿಗೂ ಇದೆ. ಅದನ್ನು ಮಾಡಲು ಕೈಗಳು ಬೇಕು, ಮುಖ್ಯವಾಗಿ ರಾತ್ರಿ. ಹಾಗಾಗಿ ಯಾವ ಮನೆಗೆ ಹೋದರೂ ನನ್ನ ಮೊದಲ ಪ್ರಶ್ನೆ: ರಾತ್ರಿ ಎಷ್ಟು ಜನ ಇರುತ್ತೀರಿ, ಅವರಲ್ಲಿ ಎಚ್ಚರವಿರುವವರು ಎಷ್ಟು?

ಎರಡನೆಯದು ಮಾತ್ರೆ. ಸೇರಿದ ಮೇಲೆ ನಿಮ್ಮ ತಾಯಿ ಇದ್ದಕ್ಕಿದ್ದಂತೆ ‘ಶಾಂತ’ವಾದರೆ ಸಂತೋಷಪಡುವ ಮೊದಲು ಔಷಧದ ಪಟ್ಟಿ ಕೇಳಿ ನೋಡಿ. ಮರೆವಿನ ಕಾಯಿಲೆಯವರ ಚಡಪಡಿಕೆಗೆ ಮನೋವಿಕಾರಕ್ಕೆ ಕೊಡುವ ಔಷಧಗಳನ್ನು ಬಳಸುವುದುಂಟು. ಇವುಗಳಲ್ಲಿ ಹೊಸ ಬಗೆಯವು ಇಂಥ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಎಚ್ಚರಿಕೆ ಕೊಟ್ಟಿತು. 2008ರಲ್ಲಿ ಹಳೆಯ ಬಗೆಯವಕ್ಕೂ ಅದನ್ನು ವಿಸ್ತರಿಸಿತು. ಕೊಡಲೇಬಾರದು ಎಂದಲ್ಲ. ಯಾರು ಬರೆದುಕೊಟ್ಟರು, ಯಾವ ಕಾರಣಕ್ಕೆ, ಯಾವಾಗ ಮರುಪರಿಶೀಲಿಸುತ್ತಾರೆ ಎಂಬ ಮೂರಕ್ಕೂ ಉತ್ತರ ಇರಬೇಕು.

ಮೂರನೆಯದನ್ನು ದೊಡ್ಡ ಆಸ್ಪತ್ರೆಗಳಲ್ಲೂ ಗಮನಿಸದೆ ಬಿಡುತ್ತಾರೆ. ನಿನ್ನೆಯವರೆಗೆ ಮಾತನಾಡುತ್ತಿದ್ದವರು ಇಂದು ಮಂಕಾಗಿ, ತೂಕಡಿಸುತ್ತಾ, ಊಟ ಬೇಡವೆಂದು ಕೂತರೆ ಅದನ್ನು ಕಾಯಿಲೆ ಜಾಸ್ತಿಯಾಯಿತು ಎಂದು ಬಿಡಬೇಡಿ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಮುಂದುವರಿಯುವಂಥದ್ದು. ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಆದ ಬದಲಾವಣೆಗೆ ಬೇರೆ ಕಾರಣ ಹುಡುಕಬೇಕು: ಮೂತ್ರದ ಸೋಂಕು, ಎದೆಯ ಸೋಂಕು, ನೀರಿನ ಕೊರತೆ, ಮಲಬದ್ಧತೆ, ಹೊಸ ಮಾತ್ರೆ. ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಸುಮ್ಮನಾದವರು ಯಾರ ಕಣ್ಣಿಗೂ ಬೀಳದೆ ಹೋಗುತ್ತಾರೆ.

ದೂರದ ಊರಿನ ಮಗ

ಇದನ್ನೆಲ್ಲ ಓದಿದ ಮೇಲೆ ನಾನು ದೊಡ್ಡ ಸಂಸ್ಥೆಯ ಪರವೇ ಮಾತನಾಡುತ್ತೇನೆ. ತಾಯಿಯಿಂದ ಬಹಳ ದೂರದಲ್ಲಿದ್ದೇನೆ. ವಾರಕ್ಕೊಮ್ಮೆ ಹೋಗಿ ಕಾಲುಚೀಲ ತೆಗೆದು ನೋಡಲು ನನ್ನಿಂದಾಗದು. ಅವರಿರುವ ದೊಡ್ಡ ಸಂಸ್ಥೆಯಲ್ಲಿ ಒಬ್ಬ ನರ್ಸ್ ಬರದಿದ್ದರೆ ಇನ್ನೊಬ್ಬರು ಇರುತ್ತಾರೆ. ಎಲ್ಲವೂ ದಾಖಲಾಗುತ್ತದೆ. ಊಟದ ಹೊತ್ತಿನಲ್ಲಿ ತಾಯಿಯ ಹೆಸರು ಯಾರಿಗೂ ನೆನಪಿರುವುದಿಲ್ಲ, ಕೋಣೆಯ ಸಂಖ್ಯೆ ಹೇಳಿ ಕರೆಯುತ್ತಾರೆ. ಅದು ನನಗೆ ನೋವು ಕೊಡುತ್ತದೆ. ಆದರೂ ಹುಣ್ಣಾಗಿಲ್ಲ.

ಹಿರಿಯ ಮಗ

ಸರ್, ನಿಮ್ಮ ಪರಿಸ್ಥಿತಿಯಲ್ಲಿ ನಾನಿದ್ದರೂ ಬಹುಶಃ ಅದನ್ನೇ ಆರಿಸುತ್ತಿದ್ದೆ. ಆದರೆ ಹೆಸರು ಮತ್ತು ಹುಣ್ಣಿಲ್ಲದ ಹಿಮ್ಮಡಿ ಎರಡರಲ್ಲಿ ಒಂದನ್ನು ಮಾತ್ರ ಕೇಳಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ.

ಅಮೆರಿಕದಲ್ಲಿ ಬಿಲ್ ಥಾಮಸ್ ಎಂಬ ವೃದ್ಧರೋಗ ತಜ್ಞರು ದೊಡ್ಡ ನರ್ಸಿಂಗ್ ಹೋಮುಗಳ ಬದಲು ಹತ್ತು ಹನ್ನೆರಡು ಜನರ ಮನೆಗಳನ್ನು ಕಟ್ಟುವ ಯೋಜನೆ ಶುರುಮಾಡಿದರು. ‘ಗ್ರೀನ್ ಹೌಸ್’ ಎಂದು ಹೆಸರು. ಮೊದಲ ಮನೆಗಳು 2003ರಲ್ಲಿ ಮಿಸಿಸಿಪ್ಪಿ ರಾಜ್ಯದ ಟುಪೆಲೊದಲ್ಲಿ ತೆರೆದವು. ಪ್ರತಿಯೊಬ್ಬರಿಗೂ ಸ್ವಂತ ಕೋಣೆ, ಅಡುಗೆ ಅಲ್ಲೇ, ಆರೈಕೆ ಮಾಡುವವರೇ ಅಡುಗೆಯನ್ನೂ ಮಾಡುತ್ತಾರೆ. ನಾನು ಗಮನಿಸಿದ್ದು ಇನ್ನೊಂದು: ಆ ಮನೆಗಳ ಹಿಂದೆ ನರ್ಸುಗಳ, ವೈದ್ಯರ ಒಂದು ತಂಡ ನಿಂತಿರುತ್ತದೆ. ಜಪಾನಿನಲ್ಲಿ ಮರೆವಿನ ಕಾಯಿಲೆಯವರ ಗುಂಪು ಮನೆಗಳಲ್ಲಿ ಒಂದು ಘಟಕಕ್ಕೆ ಐದರಿಂದ ಒಂಬತ್ತು ಜನ. ಅವನ್ನು 2000ದಲ್ಲಿ ಜಾರಿಯಾದ ದೀರ್ಘಕಾಲೀನ ಆರೈಕೆ ವಿಮೆಯೊಳಗೇ ತಂದರು. ಅಂದರೆ ಮನೆ ಚಿಕ್ಕದು, ಅದರ ಬೆನ್ನಿಗೆ ನಿಂತ ವ್ಯವಸ್ಥೆ ಚಿಕ್ಕದಲ್ಲ. ಸೊಸೆಯವರ ಅತ್ತೆ ಇದ್ದ ಮನೆಯ ಬೆನ್ನಿಗೆ ಯಾರೂ ಇರಲಿಲ್ಲ.

ರಾತ್ರಿ ಪಾಳಿಯವಳು

ನಾನು ಇಂಥದೇ ಮನೆಯಲ್ಲಿ ರಾತ್ರಿ ಪಾಳಿಯ ಆರೈಕೆದಾರಳು. ನಮ್ಮ ಬಗ್ಗೆ ಇಷ್ಟು ಮಾತಾಗುತ್ತಿರುವಾಗ ಸುಮ್ಮನಿರಲು ಆಗಲಿಲ್ಲ.

ಮನೆಯವರು ಮೊದಲ ಸಲ ಬಂದಾಗ ಶೌಚಾಲಯ ನೋಡುತ್ತಾರೆ, ಹಾಸಿಗೆ ನೋಡುತ್ತಾರೆ, ಗೋಡೆಯ ಬಣ್ಣ ನೋಡುತ್ತಾರೆ. ನಮ್ಮ ಮುಖ ನೋಡುವವರು ಕಡಿಮೆ. ನಿಮಗೆ ವಾರದ ರಜೆ ಇದೆಯೇ ಎಂದು ಕೇಳಿದವರನ್ನು ನಾನು ಇನ್ನೂ ನೋಡಿಲ್ಲ. ಅದನ್ನು ಕೇಳಬೇಕು. ರಜೆ ಇಲ್ಲದೆ ದುಡಿಯುವವಳು ಬೆಳಗಿನ ಜಾವ ಕರೆ ಬಂದಾಗ ಎದ್ದೇಳುತ್ತಾಳೆ, ಆದರೆ ಮೃದುವಾಗಿ ಎದ್ದೇಳುವುದಿಲ್ಲ. ಆ ವ್ಯತ್ಯಾಸವನ್ನು ಅನುಭವಿಸುವವರು ನಿಮ್ಮ ತಾಯಿ.

ಒಬ್ಬಳೇ ಇರುವ ರಾತ್ರಿ ಹೇಗಿರುತ್ತದೆ ಎಂದು ಹೇಳುತ್ತೇನೆ. ಒಬ್ಬರ ಡೈಪರ್ ಬದಲಿಸುತ್ತಿರುತ್ತೇನೆ, ಅವರು ಅರ್ಧ ಮಗ್ಗುಲಾಗಿರುತ್ತಾರೆ, ನನ್ನ ಒಂದು ಕೈ ಅವರ ಭುಜದ ಮೇಲೆ. ಆಗ ಪಕ್ಕದ ಕೋಣೆಯಲ್ಲಿ ವಾಕರ್ ಎಳೆದ ಸದ್ದು. ಇವರನ್ನು ಬಿಟ್ಟರೆ ಇವರು ಉರುಳುತ್ತಾರೆ, ಬಿಡದಿದ್ದರೆ ಅವರು ಬೀಳುತ್ತಾರೆ. ಕೂಗುತ್ತೇನೆ: ‘ಅಜ್ಜಾ, ಅಲ್ಲೇ ಕೂತಿರಿ, ಬಂದೆ.’ ಕೆಲವು ರಾತ್ರಿ ಕೂತಿರುತ್ತಾರೆ. ಮಾಲೀಕರಿಗೆ ಇದನ್ನು ಹೇಳಿದರೆ ಒಬ್ಬರನ್ನು ಹೆಚ್ಚಿಗೆ ಇಡಲು ಖರ್ಚಾಗುತ್ತದೆ ಎನ್ನುತ್ತಾರೆ. ನೀವು ಹೇಳಿದರೆ ಕೇಳುತ್ತಾರೆ. ನೀವೆಲ್ಲ ಸೇರಿ ಹೇಳಿದರೆ ಖಂಡಿತ ಕೇಳುತ್ತಾರೆ.

ಕೆಲವು ಕಡೆ ಇದಕ್ಕೆ ಸುಲಭದ ಉಪಾಯ ಮಾಡುತ್ತಾರೆ, ಮಂಚಕ್ಕೆ ಎತ್ತರದ ಕಂಬಿ ಹಾಕುವುದು, ಕುರ್ಚಿಗೆ ಬಟ್ಟೆಯಲ್ಲಿ ಕಟ್ಟುವುದು. ಎದ್ದೇ ತೀರಬೇಕು ಎಂದುಕೊಂಡವರು ಕಂಬಿ ಹತ್ತಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಕಟ್ಟಿದ್ದನ್ನು ನೋಡಿದರೆ ಆ ಮನೆಯಿಂದ ಹಾಗೆಯೇ ಎದ್ದು ಬನ್ನಿ.

ಸೊಸೆ

ತಂಗಿ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನನ್ನ ಸಿಟ್ಟು ಮಾಲೀಕರ ಮೇಲೆ ಇತ್ತು, ಈಗಲೂ ಅವರ ಮೇಲೆಯೇ ಇದೆ. ಆ ಹಿರಿಯ ಆಯಾ ಸಂಬಳ ಹೆಚ್ಚಿಸಲು ಕೇಳಿದಾಗ ಹತ್ತೂ ಮನೆಯವರು ಅವರ ಪರ ನಿಂತಿದ್ದರೆ ಅವರು ಉಳಿಯುತ್ತಿದ್ದರು. ನಮಗೆ ಒಬ್ಬರ ನಂಬರು ಇನ್ನೊಬ್ಬರ ಬಳಿ ಇರಲಿಲ್ಲ. ಅದು ಇರದಂತೆಯೇ ಮಾಲೀಕರು ನೋಡಿಕೊಂಡಿದ್ದರು.

ನಡುವಿನ ಮಗಳು

ಎಲ್ಲರಿಗೂ ಧನ್ಯವಾದ. ಹೇಳದೆ ಕೇಳದೆ ಸಂಜೆ ಹೊತ್ತು ಮತ್ತೆ ಹೋಗಿ ಬಂದೆ. ಬಾಗಿಲು ತೆರೆಯಲು ತಡ ಮಾಡಲಿಲ್ಲ, ಅದು ಒಳ್ಳೆಯದೆನಿಸಿತು. ಒಬ್ಬ ಅಜ್ಜಿ ಒಂದೇ ಸಮನೆ ಯಾರನ್ನೋ ಕರೆಯುತ್ತಿದ್ದರು. ಆರೈಕೆದಾರಳು ನಿಂತಲ್ಲಿಂದಲೇ ಉತ್ತರ ಕೊಡಲಿಲ್ಲ. ಬಂದು ಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮುಖಕ್ಕೆ ಮುಖ ಕೊಟ್ಟು ಮಾತನಾಡಿದಳು.

ರಾತ್ರಿಯ ಪ್ರಶ್ನೆ ಕೇಳಿದೆ. ಮಾಲೀಕರು ಮುಚ್ಚಿಡಲಿಲ್ಲ: ‘ರಾತ್ರಿ ಒಬ್ಬರೇ. ಇಬ್ಬರು ಹಿಡಿದು ಎಬ್ಬಿಸಬೇಕಾದಂಥವರನ್ನು ನಾವು ಸೇರಿಸಿಕೊಳ್ಳುವುದಿಲ್ಲ.’ ಸೇರಿದ ಮೇಲೆ ಹಾಗಾದರೆ ಎಂದು ಕೇಳಿದ್ದಕ್ಕೆ ‘ಆಗ ನೀವು ಬೇರೆ ಕಡೆ ನೋಡಿಕೊಳ್ಳಬೇಕಾಗುತ್ತದೆ’ ಎಂದರು. ಪ್ರಾಮಾಣಿಕ ಉತ್ತರವೇ. ಆದರೆ ಮನಸ್ಸು ಅಲ್ಲೇ ಸಿಕ್ಕಿಕೊಂಡಿದೆ. ಈ ಕಾಯಿಲೆ ಹೋಗುವುದು ಅತ್ತ ಕಡೆಗೇ ಅಲ್ಲವೇ?

ಒಬ್ಬಳೇ ಮಗಳು

ಹೌದು, ಅತ್ತ ಕಡೆಗೇ. ಆದ್ದರಿಂದ ಒಪ್ಪಂದ ಪತ್ರವನ್ನು ಕೊನೆಯ ಪುಟದಿಂದ ಓದಲು ಶುರುಮಾಡಿ.

ನನ್ನ ತಾಯಿ ತೀರಿಕೊಂಡದ್ದು ಚಿಕ್ಕ ಮನೆಯಲ್ಲೇ, ಅವರದೇ ಮಂಚದಲ್ಲಿ. ಅದು ತಾನಾಗಿ ಆದದ್ದಲ್ಲ. ಸೇರಿಸುವಾಗಲೇ ಮಾತನಾಡಿದ್ದೆವು: ನುಂಗಲು ಆಗದಿದ್ದರೆ ಏನು ಮಾಡುತ್ತೀರಿ, ಆಸ್ಪತ್ರೆಗೆ ಯಾವಾಗ ಕಳುಹಿಸುತ್ತೀರಿ, ಯಾವಾಗ ಕಳುಹಿಸುವುದಿಲ್ಲ, ನೋವು, ಸಂಕಟ ಕಡಿಮೆ ಮಾಡುವ ಉಪಶಾಮಕ ಆರೈಕೆಯ ನರ್ಸ್ ಬಂದು ಹೋಗಲು ಅವಕಾಶವಿದೆಯೇ. ಅಮ್ಮನಿಗೆ ಇನ್ನೂ ತಿಳಿವಳಿಕೆ ಇತ್ತು, ಅವರ ಮಾತೂ ಆ ಕಾಗದದಲ್ಲಿ ಸೇರಿತು. ವಿಶ್ವಸಂಸ್ಥೆ 1991ರಲ್ಲಿ ಹಿರಿಯರಿಗಾಗಿ ಒಪ್ಪಿದ ತತ್ತ್ವಗಳಲ್ಲಿ ಇದು ಸ್ಪಷ್ಟವಾಗಿದೆ: ಆರೈಕೆ ಕೇಂದ್ರದಲ್ಲಿ ಇದ್ದರೂ ತಮ್ಮ ಆರೈಕೆಯ ಬಗ್ಗೆ ತೀರ್ಮಾನಿಸುವ ಹಕ್ಕು ಹಿರಿಯರದ್ದೇ. ನಿಮ್ಮ ತಾಯಿಗೆ ಇಂದು ಎಷ್ಟು ತಿಳಿಯುತ್ತದೋ ಅಷ್ಟನ್ನು ಇಂದೇ ಕೇಳಿ ಬರೆದಿಡಿ.

ಬಿಡುವಂತೆ ಹೇಳುವುದಾದರೆ ಎಷ್ಟು ಮುಂಚೆ ಹೇಳಬೇಕು, ಆಸ್ಪತ್ರೆಯಲ್ಲಿದ್ದಾಗ ಹಾಸಿಗೆ ಉಳಿಸಿಡುತ್ತಾರೆಯೇ, ಠೇವಣಿ ಯಾವಾಗ ಹಿಂದಿರುಗಿಸುತ್ತಾರೆ, ಶುಲ್ಕ ಏರಿಸುವ ಕ್ರಮವೇನು ಎನ್ನುವುದೂ ಅದರಲ್ಲಿ ಇರಲಿ. ಬಾಯಿಮಾತಿನ ಭರವಸೆ ಕೊಟ್ಟವರು ಮನೆಯನ್ನು ಇನ್ನೊಬ್ಬರಿಗೆ ಮಾರಿ ಹೋದರೆ ಆ ಭರವಸೆಯೂ ಅವರೊಂದಿಗೆ ಹೋಗುತ್ತದೆ. ನಮ್ಮ ಪಕ್ಕದ ಕೋಣೆಯವರಿಗೆ ಹಾಗೇ ಆಯಿತು.

ನಿವೃತ್ತ ನರ್ಸ್

ನುಂಗುವ ಮಾತು ಬಂದದ್ದು ಒಳ್ಳೆಯದಾಯಿತು. ಊಟದ ಹೊತ್ತಿಗೇ ಹೋಗಿ ನೋಡಮ್ಮಾ. ಮಲಗಿಸಿಕೊಂಡು ಉಣ್ಣಿಸುತ್ತಿದ್ದಾರೋ, ನೆಟ್ಟಗೆ ಕೂರಿಸಿಯೋ? ಒಂದು ತುತ್ತು ನುಂಗಿದ್ದನ್ನು ನೋಡಿ ಇನ್ನೊಂದು ಕೊಡುತ್ತಾರೋ? ಉಂಡ ಮೇಲೆ ಅರ್ಧ ಗಂಟೆಯಾದರೂ ಕೂರಿಸಿರಬೇಕು. ಆಹಾರ ಶ್ವಾಸಕೋಶಕ್ಕೆ ಇಳಿದು ಬರುವ ನ್ಯುಮೋನಿಯಾ ಈ ಕಾಯಿಲೆಯವರ ಜೀವಕ್ಕೆ ದೊಡ್ಡ ಕುತ್ತು.

ನಡುವಿನ ಮಗಳು

ಅಮ್ಮನನ್ನು ಅದೇ ಮನೆಗೆ ಸೇರಿಸಿದೆವು. ಎರಡು ವಿಷಯ ಕಾಗದದ ಮೇಲೆ ಬಂದ ನಂತರವೇ ಸಹಿ ಮಾಡಿದೆವು. ಒಬ್ಬರ ಬೆಂಬಲದಿಂದ ಎದ್ದು ನಿಲ್ಲಲಾಗದ ಸ್ಥಿತಿ ಬಂದರೆ, ರಾತ್ರಿಗೆ ಇನ್ನೊಬ್ಬರನ್ನು ಇಡುವ ಖರ್ಚನ್ನು ನಾವೂ ಮಾಲೀಕರೂ ಹಂಚಿಕೊಳ್ಳುತ್ತೇವೆ, ಹೊರಗೆ ಕಳುಹಿಸುವುದಿಲ್ಲ. ಇನ್ನೊಂದು, ದಿನದ ಪುಸ್ತಕ: ಚರ್ಮ, ನೀರು, ಮಲ, ನಿದ್ರೆ, ಮಾತ್ರೆ. ನಾವು ಯಾವಾಗ ಬಂದರೂ ತೆರೆದು ಓದಬಹುದು. ಒಪ್ಪಿಗೆ ಕೊಟ್ಟ ಏಳು ಮನೆಯವರ ನಂಬರುಗಳನ್ನು ತಮ್ಮ ಒಂದು ಗುಂಪಿಗೆ ಸೇರಿಸಿದ್ದಾನೆ. ಉಳಿದವರು ನಿಧಾನವಾಗಿ ಬರಬಹುದು.

ಹಗಲು ಪರವಾಗಿಲ್ಲ. ಸಂಜೆಯಾದರೆ ಅಮ್ಮ ಚೀಲ ಕಟ್ಟಿಕೊಂಡು ಬಾಗಿಲ ಬಳಿ ಬರುತ್ತಾರೆ, ‘ಮನೆಗೆ ಹೋಗಬೇಕು, ಕತ್ತಲಾಗುತ್ತಿದೆ’ ಎನ್ನುತ್ತಾರೆ. ಇದೇ ಮನೆ ಎಂದರೆ ಅಳುತ್ತಾರೆ. ನಾಳೆ ಹೋಗೋಣ ಎಂದು ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ. ರಾತ್ರಿ ಪಾಳಿಯ ತಂಗಿ, ನೀವು ಏನು ಹೇಳುತ್ತೀರಿ?

ರಾತ್ರಿ ಪಾಳಿಯವಳು

ಮೇಡಂ, ಸಂಜೆಯ ಹೊತ್ತು ಇಂಥವರಲ್ಲಿ ಹಲವರಿಗೆ ಕಷ್ಟವೇ. ಬೆಳಕು ಕಡಿಮೆಯಾಗುವ ಮೊದಲೇ ಎಲ್ಲ ದೀಪ ಹಾಕಲು ಹೇಳಿ. ಮಧ್ಯಾಹ್ನ ಹೆಚ್ಚು ಹೊತ್ತು ಮಲಗಿಸುವುದು ಬೇಡ. ಆ ಹೊತ್ತಿಗೆ ಹಸಿವೋ, ಮೂತ್ರದ ಅವಸರವೋ, ನೋವೋ ಇದೆಯೇ ಎಂದು ಮೊದಲು ನೋಡಬೇಕು. ಮಣಿಕಟ್ಟು ಮುರಿದಿತ್ತು ಎಂದಿರಿ, ಸಂಜೆಗೆ ಅದು ನೋಯುತ್ತಿರಬಹುದು, ಅವರಿಗೆ ಹೇಳಲು ಬರುತ್ತಿಲ್ಲದಿರಬಹುದು.

ಇದೇ ಮನೆ ಎಂದು ವಾದ ಮಾಡಬೇಡಿ, ನಾಳೆ ಎಂದೂ ಹೇಳಬೇಡಿ. ನಾನು ಚೀಲ ಇಸಿದುಕೊಂಡು ಪಕ್ಕದಲ್ಲಿ ಕೂರುತ್ತೇನೆ. ಮನೆಯಲ್ಲಿ ಯಾರಿದ್ದಾರೆ, ಕತ್ತಲಾದರೆ ಯಾರು ಬೈಯುತ್ತಾರೆ ಎಂದು ಕೇಳುತ್ತೇನೆ. ಬಹಳ ಜನ ಹೇಳುವುದು ನೀವು ಬೆಳೆದ ಮನೆಯ ಬಗ್ಗೆ ಅಲ್ಲ, ಅವರು ಬೆಳೆದ ಮನೆಯ ಬಗ್ಗೆ. ನಮ್ಮಲ್ಲಿ ಒಬ್ಬ ಅಜ್ಜಿ ಕಾಯುವುದು ತಮ್ಮ ಅಣ್ಣನಿಗೆ. ಅಣ್ಣನ ಹೆಸರು ನನಗೆ ಗೊತ್ತಾದ ಮೇಲೆ ಸಂಜೆಗಳು ಎಷ್ಟೋ ಸಲೀಸಾದವು.

ಆದ್ದರಿಂದ ನಿಮ್ಮ ತಾಯಿಯ ಪುಸ್ತಕದ ಮೊದಲ ಪುಟದಲ್ಲಿ ಇವನ್ನು ಬರೆದುಕೊಡಿ: ಅವರ ಅಪ್ಪ ಅಮ್ಮನ ಹೆಸರು, ಒಡಹುಟ್ಟಿದವರ ಹೆಸರು ದೊಡ್ಡವರಿಂದ ಚಿಕ್ಕವರವರೆಗೆ, ಮನೆಯಲ್ಲಿ ಅವರನ್ನು ಕರೆಯುತ್ತಿದ್ದ ಹೆಸರು, ಬಾಲ್ಯದಲ್ಲಿ ಸಂಜೆ ಅವರ ಪಾಲಿಗೆ ಇದ್ದ ಕೆಲಸ. ದೊಡ್ಡ ಅಕ್ಷರದಲ್ಲಿ ಬರೆಯಿರಿ. ರಾತ್ರಿ ದೀಪದಲ್ಲಿ ಓದುವವರು ನಾವು.